ನಲವತ್ತೊಂದನೆಯ ತಳಿ

ಮಾರ್ಚ್ ೪, ಸೋಮವಾರ

ಯಂತ್ರ ಓಡುತ್ತಿದೆ. ಒಂದು ಸ್ಯಾಂಪಲ್‌ಗೆ ಐವತ್ತು ನಿಮಿಷ. ಆ ಬಿಡುವಿನಲ್ಲಿ ಏನಾದರೂ ಬರೆಯೋಣವೆಂದು ಈ ನೋಟ್‌ಬುಕ್ ತಂದಿಟ್ಟು ವಾರವಾಯಿತು. ಬರೆಯುವ ಬದಲು ದಿನಾ ಅದರ ಮೇಲೆ ತಲೆಯಿಟ್ಟು ಕೂತೆ. ಮನೆಯಲ್ಲಿ ಬರೆಯಲು ಆಗುವುದಿಲ್ಲ. ಅಲ್ಲಿ ಕೂತರೆ ಯಾರಾದರೂ ಕರೆಯುತ್ತಾರೆ. ಯಾರೂ ಕರೆಯದಿದ್ದರೆ ಕರೆದಂತೆ ಕೇಳಿಸುತ್ತದೆ. ಪ್ರಯೋಗಾಲಯದ ಪುಸ್ತಕದಲ್ಲಿ ಹತ್ತೊಂಬತ್ತು ವರ್ಷದಿಂದ ಇಂಗ್ಲಿಷಿನಲ್ಲಿ ಅಂಕಿ ತುಂಬುತ್ತಿದ್ದೇನೆ. ಇದನ್ನು ಕನ್ನಡದಲ್ಲಿ ಬರೆದರೆ ಕೆಲಸ ಅನ್ನಿಸಲಾರದೇನೋ. ಶಾಲೆಯಲ್ಲಿ ಸರಿಯಾಗಿ ಕಲಿಯಲಿಲ್ಲ, ಒತ್ತಕ್ಷರಗಳು ಎಡವುತ್ತವೆ. ಓದುವವರು ಯಾರಿದ್ದಾರೆ ಈಗ.

ತಿಂಗಳ ಕೊನೆಗೆ ನಲವತ್ತೊಂದನೆಯ ತಳಿಯ ಪ್ರಮಾಣಪತ್ರಕ್ಕೆ ನಾನು ಸಹಿ ಹಾಕಬೇಕು. ನಮ್ಮ ಬೀಜ ಸಂಶೋಧನಾ ಕೇಂದ್ರದಲ್ಲಿ ಮೇಷ್ಟ್ರು ಆರು ವರ್ಷ ಆರಿಸಿ ಆರಿಸಿ ತಂದ ಬೀನ್ಸ್ ತಳಿ ಅದು. ಮೇಷ್ಟ್ರು ತಳಿ ವಿಭಾಗದ ಮುಖ್ಯಸ್ಥರು. ಅವರು ಪಾಠ ಹೇಳಿದ್ದು ಎಂದೋ ಎರಡು ವರ್ಷ, ಹೆಸರು ಮಾತ್ರ ಹಾಗೇ ಅಂಟಿಕೊಂಡಿದೆ. ಬೀನ್ಸ್ ಕಾಳಿನಲ್ಲಿ ಪ್ರೋಟೀನಿಗೇನೂ ಬರವಿಲ್ಲ. ಬರ ಇರುವುದು ಗಂಧಕದ ಅಂಶವಿರುವ ಎರಡು ಅಮೈನೋ ಆಮ್ಲಗಳಿಗೆ, ಅದರಲ್ಲೂ ಮೆಥಿಯೊನೀನ್‌ಗೆ. ಅದೊಂದು ಕಡಿಮೆಯಾದರೆ ಉಳಿದದ್ದು ಎಷ್ಟಿದ್ದರೂ ಮೈಗೆ ಹತ್ತುವುದಿಲ್ಲ. ನೂರು ಗ್ರಾಂ ಪ್ರೋಟೀನಿನಲ್ಲಿ ಬೇರೆ ತಳಿಗಳಿಗೆ ಒಂದು ಗ್ರಾಂ ಚಿಲ್ಲರೆ ಇದ್ದರೆ ನಲವತ್ತೊಂದಕ್ಕೆ ಎರಡು ಗ್ರಾಂ ಮೀರಿ ಇದೆ. ನಾನು ಸಹಿ ಹಾಕಿದರೆ ಮುಂದಿನ ಹಂಗಾಮಿನಿಂದ ಶಿಶುವಿಹಾರಗಳ ಗಂಜಿಪುಡಿಯಲ್ಲಿ ಹಾಲಿನಪುಡಿ ತೆಗೆದು ಈ ಕಾಳಿನ ಹಿಟ್ಟು ಸೇರಿಸುತ್ತಾರೆ. ಎಷ್ಟೋ ಮಕ್ಕಳಿಗೆ ದಿನದ ಗಟ್ಟಿ ಊಟ ಆ ಗಂಜಿಯೊಂದೇ.

ಕೊನೆಯ ಪರೀಕ್ಷೆಗೆ ಮೂರು ಹೊಲದ ಕಾಳು ಬಂದಿದೆ. ಮೊದಲೆರಡೂ ೨.೧. ಮೂರನೆಯದೂ ಅಷ್ಟೇ ಬರುತ್ತದೆ ಅನ್ನಿಸುತ್ತದೆ. ಸಂತೋಷವಾಗಬೇಕಿತ್ತು. ಸೊಂಟ ನೋಯುತ್ತಿದೆ, ಅಷ್ಟೇ.

ಮಾರ್ಚ್ ೬, ಬುಧವಾರ

ಬೆಳಗ್ಗೆ ನರ್ಸ್ ಬಂದು ಅತ್ತೆಯ ಹಿಮ್ಮಡಿಯ ಪಟ್ಟಿ ಬಿಚ್ಚಿ ನೋಡಿದರು. ಜನವರಿಯಲ್ಲಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದದ್ದು ಕೂಡಿಕೊಂಡಿದೆ. ಮಲಗಿ ಮಲಗಿ ಹಿಮ್ಮಡಿಯಲ್ಲಿ ಎದ್ದ ಹುಣ್ಣು ಮಾತ್ರ ಎರಡು ತಿಂಗಳಾದರೂ ಮಾಯುತ್ತಿಲ್ಲ. ಪ್ರೋಟೀನ್ ಸಾಲದು, ಚೆನ್ನಾಗಿ ಕೊಡಿ ಎಂದು ನರ್ಸ್ ಮತ್ತೆ ಹೇಳಿದರು. ಇಡೀ ಜೀವಮಾನ ಪ್ರೋಟೀನ್ ಅಳೆಯುವವಳಿಗೆ ಅದನ್ನು ಹೇಳಿಸಿಕೊಳ್ಳಲು ಒಂಥರಾ ಆಗುತ್ತದೆ.

ಅತ್ತೆಗೆ ಮೊಟ್ಟೆಯ ವಾಸನೆ ಆಗದು. ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ. ಸಕ್ಕರೆ ಕಾಯಿಲೆ ಇರುವುದರಿಂದ ಅನ್ನ, ಗೋಧಿ ಎಲ್ಲವನ್ನೂ ನಾನೇ ನಿಲ್ಲಿಸಿದೆ. ಬೀಜಕ್ಕೆ ತೆಗೆದು ಮಿಕ್ಕ ಕಾಳನ್ನು ನಮ್ಮಲ್ಲಿ ಕಾಗದದ ಚೀಲಕ್ಕೆ ಹಾಕಿ ನೌಕರರೇ ಹಂಚಿಕೊಳ್ಳುವುದು ರೂಢಿ. ಹಾಗೆ ತಂದ ನಲವತ್ತೊಂದನ್ನು ಬೇಯಿಸಿ ಅರೆದು ಹೊತ್ತಿಗೊಂದು ಬಟ್ಟಲು ಕೊಡುತ್ತಿದ್ದೇನೆ. ಅದೊಂದೇ ಸಾಕು, ಅದರಲ್ಲಿ ಎಲ್ಲ ಇದೆ.

ಇವತ್ತು ಅತ್ತೆ ಬಟ್ಟಲು ನೋಡಿ, "ಇದನ್ನ ಬಾಯಿಗೆ ಹಾಕ್ಕೊಳ್ಳೋದಾ, ಗೋಡೆಗೆ ಬಳಿಯೋದಾ?" ಎಂದರು.

ಅತ್ತೆ ನಲವತ್ತು ವರ್ಷ ಶಾಲಾ ಮಕ್ಕಳ ಸಮವಸ್ತ್ರ ಹೊಲಿದವರು. ಅವರಿಗೆ ಅವರ ಕಸುಬಿನಲ್ಲೇ ಹೇಳಿ ನೋಡಿದೆ. ಎಷ್ಟು ಬಟ್ಟೆ ಇದ್ದರೇನು, ಗುಂಡಿ ಕಡಿಮೆ ಬಿದ್ದರೆ ಅಂಗಿ ಪೂರ್ತಿಯಾಗುತ್ತದೆಯೇ? ಬೇರೆ ಕಾಳಿನಲ್ಲಿ ಬಟ್ಟೆಯಿದೆ, ಗುಂಡಿ ಸಾಲದು. ಧಾನ್ಯದಲ್ಲಿ ಗುಂಡಿ ಇದೆ. ಅದಕ್ಕೇ ಲೋಕವೆಲ್ಲ ಎರಡನ್ನೂ ಕೂಡಿಸಿ ತಿನ್ನುವುದು. ನಲವತ್ತೊಂದರಲ್ಲಿ ಎರಡೂ ಇವೆ. ಅತ್ತೆ ಕೇಳಿಸಿಕೊಂಡು, ಗುಂಡಿ ಸಿಗದಾಗ ತಾವು ಹುಕ್ ಹಾಕಿ ಕೊಟ್ಟದ್ದುಂಟು ಎಂದರು. ಅರ್ಧ ಬಟ್ಟಲು ಒಳಗೆ ಹೋಯಿತು.

ನಾನು ಅವರಿಗೆ ಊಟ ಕೊಡುತ್ತಿದ್ದೇನೋ, ಪ್ರಯೋಗ ಮಾಡುತ್ತಿದ್ದೇನೋ. ಬಟ್ಟಲನ್ನು ತೂಗಿ ಕೊಡುವುದು ಬಿಡಬೇಕು. ನೋಡೋಣ.

ಮಾರ್ಚ್ ೭, ಗುರುವಾರ

ಮೀಟಿಂಗ್ ಎರಡು ಗಂಟೆ ನಡೆಯಿತು. ಕೋಳಿಮರಿಗಳ ಪರೀಕ್ಷೆಯ ಫಲಿತಾಂಶ ಸರಿ ಬಂದಿಲ್ಲ.

ಮೂರು ಗೂಡು, ಗೂಡಿಗೆ ಮೂವತ್ತು ಮರಿ, ಮೂರು ವಾರ. ಮೊದಲ ಗೂಡಿಗೆ ಸಾಧಾರಣ ಬೀನ್ಸ್ ಹಿಟ್ಟಿನ ಆಹಾರ. ಎರಡನೆಯದಕ್ಕೆ ನಲವತ್ತೊಂದು. ಮೂರನೆಯದಕ್ಕೆ ಸಾಧಾರಣ ಬೀನ್ಸ್, ಜೊತೆಗೆ ಅಂಗಡಿಯಿಂದ ತಂದ ಮೆಥಿಯೊನೀನ್ ಪುಡಿ. ಎರಡನೆಯ ಗೂಡು ಮೂರನೆಯದರಂತೆ ಬೆಳೆಯಬೇಕಿತ್ತು. ಅದು ಮೊದಲನೆಯದರಂತೆ ಬೆಳೆದಿದೆ, ಅಂದರೆ ಬೆಳೆದಿಲ್ಲ.

ಚೀಲ ಅದಲುಬದಲಾಗಿದೆ ಎಂದರು ಮೇಷ್ಟ್ರು. ಮರಿಗಳನ್ನು ನೋಡಿಕೊಳ್ಳುವ ಕೋಳಿಯಪ್ಪ ಬಾಗಿಲ ಬಳಿ ನಿಂತಿದ್ದ. ಎಲ್ಲರೂ ಅವನನ್ನು ಕರೆಯುವುದೇ ಹಾಗೆ. ಐವತ್ತು ದಾಟಿದ ಮನುಷ್ಯ, ಗುತ್ತಿಗೆಯ ಕೆಲಸ. ಇಲ್ಲ ಸರ್, ಚೀಲದ ಬಾಯಿ ಹೊಲಿಯುವವನೂ ನಾನೇ, ಬಿಚ್ಚುವವನೂ ನಾನೇ ಎಂದು ಒಂದೇ ಮಾತನ್ನು ಮೂರು ಸಲ ಹೇಳಿದ. ಆಗ ನಿರ್ದೇಶಕರು ನನ್ನ ಕಡೆ ತಿರುಗಿ, ಕಾಳಿನ ಅಂಕಿ ಸರಿಯಾಗಿದೆ ತಾನೇ ಎಂದು ಕೇಳಿದರು.

"ಈ ವಾರ ಮೂರು ಹೊಲದ್ದೂ ನೋಡಿದ್ದೀನಿ ಸರ್. ಎರಡು ಪಾಯಿಂಟ್ ಒಂದು."

ಸುಳ್ಳಲ್ಲ. ಬಂದದ್ದು ಅಷ್ಟೇ. ಅಲ್ಲಿಗೆ ಚರ್ಚೆ ಮುಗಿಯಿತು. ಅಜಾಗರೂಕತೆಗೆ ಕೋಳಿಯಪ್ಪನಿಗೆ ನೋಟೀಸು, ಮೂವತ್ತೊಂದಕ್ಕೆ ಮುಗಿಯುವ ಗುತ್ತಿಗೆ ಮುಂದುವರಿಯುವುದಿಲ್ಲ. ಮೇಷ್ಟ್ರು ಹೊರಗೆ ಬಂದು ನನ್ನ ಭುಜ ತಟ್ಟಿ, ನಿನ್ನ ಅಂಕಿ ಇಲ್ಲದಿದ್ದರೆ ಆ ಕೋಳಿಗಳು ನಮ್ಮನ್ನು ಮುಳುಗಿಸುತ್ತಿದ್ದವು ಎಂದರು.

ಚೀಲ ಬದಲಾಯಿತೆಂದು ನಾನು ಹೇಳಲಿಲ್ಲ. ನಾನು ಹೇಳಿದ್ದು ಅಂಕಿ ಮಾತ್ರ. ಅವನು ಮೈಮರೆತಿರಲೂಬಹುದು, ಒಬ್ಬನೇ ತೊಂಬತ್ತು ಮರಿ ನೋಡಿಕೊಳ್ಳುವವನು.

ಮಾರ್ಚ್ ೧೧, ಸೋಮವಾರ

ಊಟದ ಹೊತ್ತಿಗೆ ಕಿಟಕಿಗೆ ಯಾರೋ ಬೆರಳಲ್ಲಿ ಬಡಿದರು. ಕೋಳಿಯಪ್ಪ. ಮರಿಗಳನ್ನು ಒಳಗೆ ತರುವಂತಿಲ್ಲವೆಂದು ಹೊರಗೇ ನಿಂತಿದ್ದ, ಕೈಯಲ್ಲಿ ಶೂ ಡಬ್ಬಿ. ಜಗಳಕ್ಕೆ ಬಂದನೆಂದುಕೊಂಡೆ. ಅವನು ಡಬ್ಬಿ ತೆಗೆದು ಒಂದು ಮರಿಯ ರೆಕ್ಕೆಯನ್ನು ಎರಡು ಬೆರಳಲ್ಲಿ ಬಿಡಿಸಿ ಹಿಡಿದ. ಗರಿ ಹಲ್ಲುಮುರಿದ ಬಾಚಣಿಗೆಯಂತಿತ್ತು. ಇದು ಎರಡನೆಯ ಗೂಡಿನದು ಎಂದ. ಇನ್ನೊಂದನ್ನು ತೆಗೆದ. ಅದರ ರೆಕ್ಕೆ ತುಂಬಿಕೊಂಡಿತ್ತು. ಮೂರನೆಯ ಗೂಡಿನದು. ಗರಿಗೆ ಗಂಧಕ ಬೇಕು ಎನ್ನುವುದು ನನಗೆ ಪುಸ್ತಕದಿಂದ ಗೊತ್ತು. ಅವನಿಗೆ ಬೆರಳಿನಿಂದ ಗೊತ್ತು.

ಮೀಟಿಂಗ್ ಆದಮೇಲೆ ಇವೆರಡು ಮರಿಗಳ ಗೂಡಿಗೆ ಹೊಸ ಚೀಲ ತಾನೇ ಒಡೆದು, ಬಣ್ಣದ ದಾರ ಕಟ್ಟಿ, ಪಕ್ಕದ ವಿಭಾಗದವರನ್ನು ಸಾಕ್ಷಿಗೆ ನಿಲ್ಲಿಸಿ ಹಾಕಿದನಂತೆ. ನಾಲ್ಕು ದಿನದಲ್ಲಿ ಏನೂ ಬದಲಾಗಲಿಲ್ಲ.

"ನನ್ನ ಕೆಲಸ ಉಳಿಸಿ ಅಂತ ಬಂದಿಲ್ಲ ಮೇಡಂ. ಹೋಗ್ಲಿ ಬಿಡಿ, ಎಲ್ಲಾದ್ರೂ ಕೋಳಿ ಇದ್ದೇ ಇರ್ತವೆ. ಆದ್ರೆ ಇದನ್ನ ಮಕ್ಕಳಿಗೆ ಕೊಡ್ತಾರಂತಲ್ಲ."

ನಮ್ಮ ಅಂಕಿ ಹಾಗೆ ಹೇಳುವುದಿಲ್ಲ ಎಂದೆ.

"ಇರ್ಬೋದು. ಮರಿಗೆ ಸುಳ್ಳು ಹೇಳೋಕೆ ಬರಲ್ಲ ಮೇಡಂ." ಡಬ್ಬಿ ಮುಚ್ಚಿದ. "ಬಿಸಿಲಿಗೆ ನಿಂತಿವೆ, ಬರ್ತೀನಿ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಯೋಚಿಸಲು ಹೋಗಲಿಲ್ಲ. ತಟ್ಟೆಯ ಊಟ ಹಾಗೇ ಮುಚ್ಚಿಟ್ಟೆ.

ಮಾರ್ಚ್ ೧೨, ಮಂಗಳವಾರ

ನಲವತ್ತೊಂದನ್ನು ಉದ್ದ ರನ್‌ಗೆ, ಅಂದರೆ ಹಳೆಯ ಎರಡು ಗಂಟೆಯ ಓಟಕ್ಕೆ, ಹಚ್ಚಿದ್ದೇನೆ. ಯಾರಿಗೂ ಹೇಳಿಲ್ಲ.

ಯಂತ್ರದಲ್ಲಿ ಕಾಲಂ ಎಂಬ ಕೊಳವೆಯಿಂದ ಅಮೈನೋ ಆಮ್ಲಗಳು ಒಂದರ ಹಿಂದೊಂದು ಹೊರಬರುತ್ತವೆ. ಒಂದೊಂದಕ್ಕೂ ಗ್ರಾಫಿನಲ್ಲಿ ಒಂದು ಗುಡ್ಡ ಏಳುತ್ತದೆ. ನಾವು ಪೀಕ್ ಎನ್ನುತ್ತೇವೆ. ಮೊದಲು ಒಂದು ಸ್ಯಾಂಪಲ್‌ಗೆ ಎರಡು ಗಂಟೆ ಹಿಡಿಯುತ್ತಿತ್ತು, ದಿನಕ್ಕೆ ಹತ್ತು ಮುಗಿಯುತ್ತಿದ್ದವು. ಆರು ವರ್ಷದ ಹಿಂದೆ ಬಿತ್ತನೆಗೆ ಮುಂಚೆ ನಾನೂರು ಸ್ಯಾಂಪಲ್ ನೋಡಿಕೊಡಲು ಆಗುತ್ತದೆಯೇ ಎಂದು ಮೇಷ್ಟ್ರು ಕೇಳಿದರು. ನಾನು ದ್ರಾವಣದ ವೇಗ ಹೆಚ್ಚಿಸಿ, ಬಿಸಿ ಹೆಚ್ಚಿಸಿ, ಐವತ್ತು ನಿಮಿಷಕ್ಕೆ ಇಳಿಸಿದೆ. ದಿನಕ್ಕೆ ಇಪ್ಪತ್ತನಾಲ್ಕು. ಅದಕ್ಕೆ ಹೆಸರು ಬಂತು. ಬೇರೆ ಎರಡು ಕೇಂದ್ರದವರು ಬಂದು ಕಲಿತುಕೊಂಡು ಹೋದರು.

ಆಗ ಚಿಕ್ಕ ರನ್ನನ್ನು ಉದ್ದ ರನ್ನಿನ ಜೊತೆ ಹೋಲಿಸಿ ನೋಡಿದ್ದೆ. ಹಳೆಯ ಪುಸ್ತಕ ತೆಗೆದೆ. ಗೋಧಿ ಹಿಟ್ಟಿನ ಮೇಲೆ ಹೋಲಿಸಿದ್ದೇನೆ. ಸೋಯಾ ಹಿಟ್ಟಿನ ಮೇಲೆ ಹೋಲಿಸಿದ್ದೇನೆ. ಎರಡರಲ್ಲೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಬೀನ್ಸ್ ಮೇಲೆ ಹೋಲಿಸಿಲ್ಲ.

ಹಿಟ್ಟು ಒಂದು ರಾತ್ರಿ ತಣ್ಣನೆಯ ಆಮ್ಲದಲ್ಲಿ ನೆನೆಯಬೇಕು, ಇಲ್ಲದಿದ್ದರೆ ಗಂಧಕದವು ಕುದಿಯುವಾಗ ಹಾಳಾಗುತ್ತವೆ. ಆಮೇಲೆ ಒಂದಿಡೀ ದಿನ ಕುದಿಯಬೇಕು. ಶುಕ್ರವಾರದವರೆಗೆ ಮಾಡುವುದೇನೂ ಇಲ್ಲ.

ಮಾರ್ಚ್ ೧೫, ಶುಕ್ರವಾರ

ಮೂವತ್ತೆಂಟನೆಯ ನಿಮಿಷಕ್ಕೆ, ಮೆಥಿಯೊನೀನ್ ಬರಬೇಕಾದ ಕಡೆ, ಪೀಕ್ ಎದ್ದಿತು, ಇಳಿಯಿತು. ನಾಲ್ಕು ನಿಮಿಷ ಗೆರೆ ಸಮತಟ್ಟಾಗಿ ಹೋಯಿತು. ಇನ್ನೊಂದು ಎದ್ದಿತು.

ಎರಡು.

ಚಿಕ್ಕ ರನ್ನಿನಲ್ಲಿ ಅವೆರಡೂ ಒಂದರ ಮೇಲೊಂದು ಬಿದ್ದು ಒಂದೇ ಗುಡ್ಡವಾಗಿ ಕಾಣುತ್ತಿದ್ದವು. ಆರು ವರ್ಷದಿಂದ ನಾನು ಆ ಒಂದು ಗುಡ್ಡವನ್ನು ಮೆಥಿಯೊನೀನ್ ಎಂದು ಬರೆದುಕೊಟ್ಟಿದ್ದೇನೆ. ಎರಡನೆಯದಷ್ಟೇ ಮೆಥಿಯೊನೀನ್ ಆದರೆ ನಲವತ್ತೊಂದರ ಲೆಕ್ಕ ೧.೧. ಯಾವುದೇ ಬೀನ್ಸಿನಷ್ಟು.

ಮೊದಲನೆಯದು ಏನೆಂದು ಊಹೆ ಇದೆ. ಬೀನ್ಸಿನಲ್ಲಿ ಮೀಥೈಲ್ ಸಿಸ್ಟೀನ್ ಎಂಬುದೊಂದು ಇರುತ್ತದೆ. ಅದರಲ್ಲೂ ಗಂಧಕವಿದೆ, ಆದರೆ ಮೆಥಿಯೊನೀನ್ ಮಾಡುವ ಕೆಲಸ ಅದರಿಂದಾಗದು. ಗೋಧಿಯಲ್ಲಿ, ಸೋಯಾದಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿಲ್ಲ. ಇದನ್ನು ನಾನು ಓದಿದ್ದೆ. ಪರೀಕ್ಷೆಗೆ ಓದಿ ಬರೆದಿದ್ದೆ ಕೂಡ.

ಕಾಲಂ ಹಳೆಯದಾಗಿರಬಹುದು. ಆಮ್ಲದಲ್ಲಿ ನೆನೆದದ್ದು ಸಾಲದೇ ಇರಬಹುದು. ನಾನು ತೂಗುವಾಗ ತಪ್ಪಿರಬಹುದು. ಇನ್ನೊಮ್ಮೆ ಮಾಡದೆ ಏನೂ ಹೇಳಲಾಗದು. ಮೀಥೈಲ್ ಸಿಸ್ಟೀನ್ ಶುದ್ಧ ರೂಪದಲ್ಲಿ ಒಂದು ಸಣ್ಣ ಬಾಟಲಿ ಫ್ರಿಜ್ಜಿನ ಹಿಂದೆ ಸಿಕ್ಕಿತು. ಮುಚ್ಚಳ ಒಡೆದೇ ಇರಲಿಲ್ಲ.

ಮಾರ್ಚ್ ೧೬, ಶನಿವಾರ

ಅತ್ತೆಯ ಬಟ್ಟಲಿಗೆ ಕಾಳಿನ ಜೊತೆ ಎರಡು ಚಮಚ ಅನ್ನ ಹಾಕಿದೆ. ಅವರು ಬಟ್ಟಲು ನೋಡಿದರು, ನನ್ನನ್ನು ನೋಡಿದರು. ಸಕ್ಕರೆ ಏರಲ್ವಾ ಎಂದರು. ಡಾಕ್ಟರನ್ನು ಕೇಳಿದ್ದೇನೆ, ಇಷ್ಟು ಕೊಡಬಹುದಂತೆ ಎಂದೆ. ಡಾಕ್ಟರು ಜನವರಿಯಲ್ಲೂ ಇಷ್ಟೇ ಹೇಳಿದ್ದರು. ಪೂರ್ತಿ ಬೇಡವೆಂದದ್ದು ನಾನು.

ಹೇಳಿಬಿಟ್ಟೆ. ಗಂಡನಿಗೂ ಹೇಳಿರಲಿಲ್ಲ. ಅವರು ಹಾಲ್‌ನಲ್ಲಿ ಟೀವಿ ನೋಡುತ್ತಿದ್ದರು. ಗುಂಡಿ ಎಂದು ನಾನು ಎಣಿಸಿದ್ದರಲ್ಲಿ ಅರ್ಧ ಗುಂಡಿಯೇ ಅಲ್ಲ ಅತ್ತೆ ಎಂದೆ. ಹಾಗೆಂದರೆ ಎಂದರು. ನೋಡಲು ಹಾಗೇ ಇದೆ, ಕೆಲಸಕ್ಕೆ ಬರುವುದಿಲ್ಲ ಎಂದೆ.

"ತೂತಿಲ್ಲದ ಗುಂಡಿ ಅನ್ನು."

"ಹೂಂ."

"ಹಾಗಾದ್ರೆ ಎರಡು ತಿಂಗಳು ನನ್ನ ಬಾಯಿ ಕೆಡಿಸಿದ್ದು ಸುಮ್ನೇನಾ?"

ಅತ್ತೆ ನಗುತ್ತಾರೆಂದುಕೊಂಡೆ. ನಗಲಿಲ್ಲ. ಹಿಮ್ಮಡಿಯ ಹುಣ್ಣು ಇದರಿಂದಲೇ ಮಾಯದೆ ಉಳಿಯಿತೆಂದು ನಾನು ಹೇಳಲಾರೆ, ಇದರಿಂದಲ್ಲ ಎಂದೂ ಹೇಳಲಾರೆ. ಅವರು ಅದನ್ನು ಕೇಳಲೂ ಇಲ್ಲ. ಅನ್ನ ಕಲಸಿ ತಿಂದರು. ಎರಡು ತಿಂಗಳ ನಂತರ ಬಟ್ಟಲು ಖಾಲಿಯಾದದ್ದು ಇವತ್ತು. ಆಮೇಲೆ, ಕೇಂದ್ರದಲ್ಲಿ ಹೇಳಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಇನ್ನೊಮ್ಮೆ ಪರೀಕ್ಷೆ ಮಾಡಬೇಕು ಎಂದೆ.

"ಮಾಡು. ಮಾಡಿದ ಮೇಲೆ ಇನ್ನೂ ಒಂದ್ಸಲ ಮಾಡ್ಬೇಕು ಅನ್ಬೇಡ."

ಮಾರ್ಚ್ ೨೦, ಬುಧವಾರ

ಮೂರು ಸಲ. ಶುದ್ಧ ಮೆಥಿಯೊನೀನ್ ಬೆರೆಸಿದರೆ ಎರಡನೆಯ ಪೀಕ್ ಬೆಳೆಯುತ್ತದೆ. ಬಾಟಲಿಯ ಮೀಥೈಲ್ ಸಿಸ್ಟೀನ್ ಬೆರೆಸಿದರೆ ಮೊದಲನೆಯದು ಬೆಳೆಯುತ್ತದೆ. ಮೂರು ಹೊಲದ್ದೂ ಹಾಗೇ. ನಲವತ್ತೊಂದರ ಮೆಥಿಯೊನೀನ್ ೧.೧.

ಮಧ್ಯಾಹ್ನ ಆರು ವರ್ಷದ ಗ್ರಾಫುಗಳನ್ನು ಉಗ್ರಾಣದಿಂದ ಇಳಿಸಿ ನೆಲದ ಮೇಲೆ ಹರಡಿದೆ. ಮೊದಲ ವರ್ಷದಲ್ಲಿ ಆ ಪೀಕಿನ ಎಡಗಡೆ ಒಂದು ಸಣ್ಣ ಉಬ್ಬು ಇದೆ. ಮುಂದಿನ ವರ್ಷ ಸ್ವಲ್ಪ ದೊಡ್ಡದು. ಅದರ ಮುಂದಿನ ವರ್ಷ ಇನ್ನೂ. ಪ್ರತಿ ಹಂಗಾಮಿನಲ್ಲಿ ಅತಿ ಹೆಚ್ಚು ಬಂದ ಗಿಡಗಳ ಬೀಜವನ್ನಷ್ಟೇ ಮೇಷ್ಟ್ರು ಇಟ್ಟುಕೊಂಡು, ಉಳಿದದ್ದನ್ನು ಕೈಬಿಟ್ಟರು. ಯಾವುದು ಹೆಚ್ಚು ಎಂದು ಹೇಳಿದವಳು ನಾನು. ಮೆಥಿಯೊನೀನ್ ಇದ್ದಲ್ಲೇ ಇತ್ತು. ಬೆಳೆಯುತ್ತ ಹೋದದ್ದು ಇನ್ನೊಂದು. ಆರು ವರ್ಷ ಇಬ್ಬರೂ ಸೇರಿ, ಬಹಳ ಶ್ರದ್ಧೆಯಿಂದ, ಬೇಡದ್ದನ್ನೇ ಆರಿಸಿ ಬೆಳೆಸಿದ್ದೇವೆ.

ಗ್ರಾಫುಗಳನ್ನು ವರ್ಷದ ಪ್ರಕಾರ ಜೋಡಿಸಿ ಕಟ್ಟಿಟ್ಟೆ.

ಸಂಜೆ ಹೋಗುವಾಗ ಕೋಳಿಗಳ ಕಡೆಯಿಂದ ಹಾದುಹೋದೆ. ಕೋಳಿಯಪ್ಪ ನೀರಿನ ತೊಟ್ಟಿ ಉಜ್ಜುತ್ತಿದ್ದರು. ಚೀಲ ಬದಲಾಗಿಲ್ಲ, ನೀವು ಹೇಳಿದ್ದೇ ಸರಿ ಎಂದು ಹೇಳಿದೆ. ಗೊತ್ತು ಮೇಡಂ ಎಂದು ತೊಟ್ಟಿ ಬೋರಲು ಹಾಕಿದರು. ಯಾರಿಗೆ ಹೇಳಬೇಕೋ ಅವರಿಗಿನ್ನೂ ಹೇಳಿಲ್ಲ, ನಾಳೆ ಹೇಳುತ್ತೇನೆ ಎಂದೆ. ಅವರು ಇನ್ನೊಂದು ತೊಟ್ಟಿ ಎಳೆದುಕೊಂಡು ಉಜ್ಜತೊಡಗಿದರು.

ಮಾರ್ಚ್ ೨೧, ಗುರುವಾರ

ಮೇಷ್ಟ್ರು ಬೀಜದ ಕೋಣೆಯಲ್ಲಿ ಹತ್ತು ಹತ್ತು ಕಾಳು ಎಣಿಸಿ ಪೊಟ್ಟಣ ಕಟ್ಟುತ್ತಿದ್ದರು. ಇಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಆ ಕೆಲಸ ಬೇರೆಯವರಿಗೆ ಬಿಡುವುದಿಲ್ಲ. ಬಾಗಿಲಲ್ಲಿ ನನ್ನನ್ನು ನೋಡಿ, ಬಾರಮ್ಮ, ಪ್ರಮಾಣಪತ್ರಕ್ಕೆ ಒಳ್ಳೆ ಪೆನ್ನು ತಂದಿಟ್ಟಿದ್ದೀನಿ ಎಂದರು.

ನಾನು ಎರಡು ಗ್ರಾಫನ್ನು ಅವರ ಮುಂದೆ ಇಟ್ಟೆ. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳು ಬೇಕಾಗಲಿಲ್ಲ. ಅವರು ಕನ್ನಡಕ ಹಣೆಗೆ ಏರಿಸಿ ಹತ್ತಿರದಿಂದ ನೋಡಿದರು. ಬೆರಳನ್ನು ಮೊದಲ ಪೀಕಿನ ಮೇಲಿಟ್ಟರು, ಎರಡನೆಯದರ ಮೇಲಿಟ್ಟರು.

"ಯಾವತ್ತಿಂದ?"

"ಮೊದಲನೇ ವರ್ಷದಿಂದ ಸರ್."

"ಆಗ ನಾವು ಬೇಡ ಅಂತ ತೆಗೆದುಹಾಕಿದ್ವಲ್ಲ, ಮುನ್ನೂರ ಚಿಲ್ಲರೆ ತಳಿ. ಅದರಲ್ಲಿ ನಿಜವಾಗಿ ಹೆಚ್ಚು ಇದ್ದದ್ದು ಇದ್ದಿರಬಹುದಾ?"

ಇದ್ದಿರಬಹುದು ಎಂದೆ.

"ಅದೆಲ್ಲ ನಮ್ಮ ಕ್ಯಾಂಟೀನಲ್ಲಿ ಬೆಂದುಹೋಯ್ತು ಕಣಮ್ಮ." ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. "ನಾವೇ ತಿಂದ್ವಿ. ಚೆನ್ನಾಗಿತ್ತು."

ನನ್ನ ತಪ್ಪು ಸರ್ ಎಂದೆ. ಅವರು, ಹೊಸದಾಗಿ ಶುರುಮಾಡಿದರೆ ಎಷ್ಟು ವರ್ಷ ಎಂದು ತಮ್ಮಷ್ಟಕ್ಕೆ ಕೇಳಿಕೊಂಡು, ಎಂಟು ಎಂದು ತಾವೇ ಹೇಳಿಕೊಂಡರು. ಅವರ ನಿವೃತ್ತಿಗೆ ಇರುವುದು ಎರಡು. ಮುಂದಿದ್ದ ಪೊಟ್ಟಣಕ್ಕೆ ಹತ್ತು ಕಾಳು ಎಣಿಸಿ ಹಾಕಿದರು. ಮತ್ತೆ ಸುರಿದು ಎಣಿಸಿದರು. ಅವರು ಎಣಿಕೆ ತಪ್ಪಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಸರಿ ಹೋಗು ಎಂದರು. ಬಂದೆ.

ಮಾರ್ಚ್ ೨೫, ಸೋಮವಾರ

ಶುಕ್ರವಾರದಿಂದ ಮೇಷ್ಟ್ರು ಬಂದಿಲ್ಲ. ಜ್ವರವಂತೆ. ನಿರ್ದೇಶಕರಿಗೆ ನಾನೇ ಬರೆದುಕೊಟ್ಟೆ. ಬುಧವಾರ ಬನ್ನಿ ಎಂದಿದ್ದಾರೆ.

ಊಟಕ್ಕೆ ಆಫೀಸಿನ ಟೈಪಿಸ್ಟ್ ಜೊತೆಗಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು, ಇಲ್ಲಿ ಯಾರಿಗೂ ಹೆದರದವಳು. ಹಿಂದೆ ನಾನು ಅವಳ ಜೊತೆ ಕೂತರೆ ಅವಳೇ ಮಾತಾಡುತ್ತಿದ್ದಳು. ಇವತ್ತು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು.

"ಏನೇ ಹಾಗೆ ನೋಡ್ತೀಯಾ?"

"ಏನಿಲ್ಲ. ಇಡೀ ಕೇಂದ್ರ ನಿನ್ನ ವಿಷಯ ಗುಸುಗುಸು ಅಂತಿದೆ, ನೀನು ನೋಡಿದ್ರೆ ಉಪ್ಪಿನಕಾಯಿ ಇನ್ನೊಂಚೂರು ಹಾಕು ಅಂತಿದ್ದೀಯಾ."

ಉಪ್ಪಿನಕಾಯಿ ಚೆನ್ನಾಗಿತ್ತು.

ಅತ್ತೆಯ ಹಿಮ್ಮಡಿ ಹಾಗೇ ಇದೆ. ಅಂಚು ಸ್ವಲ್ಪ ಕೆಂಪಗಾಗಿದೆ, ಅದು ಒಳ್ಳೆಯದಂತೆ. ತಕ್ಕಡಿಯನ್ನು ಕೆಳಗಿನ ಕಪಾಟಿಗೆ ಹಾಕಿದ್ದೇನೆ, ಅಡಿಗೆಮನೆಯಲ್ಲಿ ಜಾಗ ಸಾಲದು.

ಮಾರ್ಚ್ ೨೭, ಬುಧವಾರ

ನಿರ್ದೇಶಕರ ಕೋಣೆಯಲ್ಲಿ ಮೇಷ್ಟ್ರು ಮೊದಲೇ ಬಂದು ಕೂತಿದ್ದರು. ಮುಖ ಇಳಿದಿತ್ತು. ಜ್ವರ ನಿಜವೇ ಇರಬೇಕು.

ನಿರ್ದೇಶಕರು ಒಂದು ಹಾಳೆ ನನ್ನ ಕಡೆ ಸರಿಸಿದರು. ನಲವತ್ತೊಂದನೆಯ ತಳಿಯ ಬಿಡುಗಡೆ ಹಿಂತೆಗೆದುಕೊಳ್ಳಲಾಗಿದೆ, ಗಂಜಿಪುಡಿಯಲ್ಲಿ ಹಾಲಿನಪುಡಿ ಮುಂದುವರಿಯಲಿ ಎಂದು ಎರಡು ಸಾಲು. ಕಾರಣ: ವಿಶ್ಲೇಷಣಾ ಯಂತ್ರದ ತಾಂತ್ರಿಕ ದೋಷ. ಕೋಳಿಯಪ್ಪನವರ ನೋಟೀಸು ಇವತ್ತೇ ವಾಪಸ್, ಗುತ್ತಿಗೆ ಮುಂದುವರಿಕೆ. ಕೆಳಗೆ ನನ್ನ ಸಹಿಗೆ ಜಾಗ.

ಅವರು ಒಳ್ಳೆಯ ಮನಸ್ಸಿನಿಂದಲೇ ಬರೆಸಿದ್ದರು. ಯಾರ ಹೆಸರೂ ಕೆಡುವುದು ಬೇಡ, ಮಕ್ಕಳಿಗೂ ತೊಂದರೆಯಿಲ್ಲ, ಇಲ್ಲಿಗೆ ಮುಗಿಸೋಣ ಎಂದರು. ನಾನು ಎರಡು ಸಲ ಓದಿದೆ. ಸಹಿ ಹಾಕಿ ಮನೆಗೆ ಹೋಗಿ ಮಲಗಬೇಕು ಅನ್ನಿಸಿತು. ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ.

"ಯಂತ್ರಕ್ಕೇನೂ ಆಗಿಲ್ಲ ಸರ್. ನಾನು ಹೇಳಿದ್ದನ್ನ ಅದು ಸರಿಯಾಗೇ ಮಾಡಿದೆ."

ಗೊತ್ತು, ಇದು ಬರೀ ಬರವಣಿಗೆಗೆ ಎಂದರು.

ಬೇರೆ ಎರಡು ಕೇಂದ್ರದವರು ನನ್ನ ಚಿಕ್ಕ ರನ್ನನ್ನೇ ಬಳಸುತ್ತಿದ್ದಾರೆ ಎಂದೆ. ಬೀನ್ಸಿಗೂ. ಯಂತ್ರ ಕೆಟ್ಟಿತ್ತು ಎಂದು ಓದಿದರೆ ತಮ್ಮ ಯಂತ್ರ ಚೆನ್ನಾಗಿದೆಯಲ್ಲ ಎಂದು ಮುಂದುವರಿಸುತ್ತಾರೆ. ನಮ್ಮಲ್ಲಿ ಕೋಳಿಯಪ್ಪ ಇದ್ದರು, ಅಲ್ಲಿ ಯಾರಿದ್ದಾರೋ ಗೊತ್ತಿಲ್ಲ.

ನಿರ್ದೇಶಕರು ಪೆನ್ನು ಕೆಳಗಿಟ್ಟರು. "ಇದು ನಿಮ್ಮ ಸರ್ವಿಸ್ ಬುಕ್ಕಿಗೆ ಹೋಗತ್ತೆ. ಬಡ್ತಿಯ ಪಟ್ಟಿ ಬರೋದು ಜೂನ್‌ನಲ್ಲಿ. ಖಾತ್ರಿ ಇದೆಯಾ ನಿಮಗೆ?"

"ಇದೆ."

ಯಂತ್ರ ಎಂಬ ಸಾಲು ಹೊಡೆದುಹಾಕಿ, ವಿಶ್ಲೇಷಕಿ ರೂಪಿಸಿದ ವಿಧಾನವನ್ನು ಬೀನ್ಸ್ ಕಾಳಿನ ಮೇಲೆ ಪರೀಕ್ಷಿಸದೆ ಬಳಸಲಾಗಿದೆ ಎಂದು ಮೇಲೆ ಬರೆದೆ. ಮೇಷ್ಟ್ರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಇದನ್ನೂ ಹೊಡೆದುಹಾಕುತ್ತಾರೆ ಎಂದುಕೊಂಡೆ. ಅವರು ಅದರ ಪಕ್ಕದಲ್ಲಿ, ತಳಿ ವಿಭಾಗದ ಮುಖ್ಯಸ್ಥರ ಒತ್ತಾಯದ ಮೇರೆಗೆ ಎಂದು ಸೇರಿಸಿದರು.

ಒತ್ತಾಯವೇನೂ ಇರಲಿಲ್ಲ ಸರ್, ನೀವು ಕೇಳಿದಿರಿ, ನಾನು ಕುಣಿಯುತ್ತ ಒಪ್ಪಿಕೊಂಡೆ ಎಂದೆ.

"ಕೇಳಿದ್ದು ನಾನು ತಾನೇ? ಇರಲಿ ಬಿಡು."

ಒತ್ತಾಯ ತೆಗೆದು ಕೋರಿಕೆ ಎಂದು ಮಾಡಿಸುವಷ್ಟರಲ್ಲಿ ಹಾಳೆ ಗೀಚುಗಳಿಂದ ತುಂಬಿತ್ತು. ನಿರ್ದೇಶಕರು ಹಣೆ ಒತ್ತಿಕೊಂಡು ಟೈಪಿಸ್ಟನ್ನು ಕರೆಸಿದರು. ಅವಳು ಓದಿಕೊಂಡು, ಸಹಿ ಎರಡಾದರೆ ಯಾರ ಹೆಸರು ಮೇಲೆ ಎಂದು ಕೇಳಿದಳು.

"ನಂದು" ಎಂದೆ. ಮೇಷ್ಟ್ರೂ ಅದೇ ಕ್ಷಣಕ್ಕೆ ಅದನ್ನೇ ಎಂದರು.

ಅವಳು ಇಬ್ಬರನ್ನೂ ನೋಡಿದಳು. "ಇಪ್ಪತ್ತೆರಡು ವರ್ಷದಿಂದ ಇಲ್ಲಿ ಎಲ್ಲರ ಪೇಪರ್ ಟೈಪ್ ಮಾಡಿದ್ದೀನಿ. ನನ್ನ ಹೆಸರು ಮೇಲೆ ಹಾಕು ಅಂತ ಜಗಳ ಆಡಿದವರನ್ನ ಬೇಕಾದಷ್ಟು ನೋಡಿದ್ದೀನಿ. ಇಂಥದ್ದಕ್ಕೆ ಆಡಿದವರನ್ನ ನೋಡಿರಲಿಲ್ಲ."

ವಿಧಾನ ನನ್ನದು, ನನ್ನದೇ ಮೇಲೆ ಬರಬೇಕು ಎಂದೆ. ಹಾಗೇ ಆಯಿತು. ನಾನು ಸಹಿ ಹಾಕಿದೆ. ಅದರ ಕೆಳಗೆ ಮೇಷ್ಟ್ರು ಹಾಕಿದರು.

ಹೊರಗೆ ಬಂದು ಇಬ್ಬರೂ ವರಾಂಡದಲ್ಲಿ ಸ್ವಲ್ಪ ಹೊತ್ತು ನಿಂತೆವು. ಹೊರಗಿನ ಕೇಂದ್ರಗಳಿಗೆ ಬರೆದು ಹಳೆಯ ತಳಿಗಳ ಬೀಜ ತರಿಸುತ್ತೇನೆ, ಸೋಮವಾರಕ್ಕೆ ಮೊದಲ ಕಂತು ಬರಬಹುದು ಎಂದರು. ಆಮೇಲೆ ಕನ್ನಡಕ ಒರೆಸುತ್ತ ಕೇಳಿದರು, "ದಿನಕ್ಕೆ ಎಷ್ಟು ಸ್ಯಾಂಪಲ್ ಮಾಡಿಕೊಡ್ತೀಯಮ್ಮ?"

"ಹತ್ತು."

"ಹತ್ತೇನಾ? ನನಗಿರೋದು ಎರಡೇ ವರ್ಷ."

"ಹತ್ತೇ ಸರ್."

ಅವರು ಕನ್ನಡಕ ಹಾಕಿಕೊಂಡು ಬೀಜದ ಕೋಣೆಯ ಕಡೆ ನಡೆದರು. ನಾನು ಊಟಕ್ಕೆ ಹೋದೆ.